ಅಂಬರೀಶ್ ಮೇಷ್ಟ್ರ ‘ಹೊರಗಿನ ಕಿವಿ’

ರಾಕ್ ಸಂಗೀತವೆಂದರೆ ಬೆಂಗಳೂರಿನ ಸೊತ್ತೆಂದು ತಿಳಿದಿದ್ದವರಿಗೆ, ಮಳವಳ್ಳಿಯ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಮೂವತ್ತು ವರ್ಷ ಕೂತು ಉತ್ತರ ಕೊಟ್ಟವರು ಧ್ವನಿಮುದ್ರಣಕಾರ, ಆಲ್ಬಂ ನಿರ್ಮಾಪಕ ಶ್ರೀ ಅಂಬರೀಶರು. ಅವರ ಶಿಷ್ಯೆಯಾದ ನಾನು ಈ ಅಭಿನಂದನ ಸಂಪುಟಕ್ಕಾಗಿ ಅವರನ್ನು ಹೊಗಳಿ ಬರೆಯಬೇಕೆಂದು ಸಂಪಾದಕರ ಅಪ್ಪಣೆ. ಹೊಗಳುತ್ತೇನೆ, ಆದರೆ ಅವರೇಕೆ ನಿವೃತ್ತರಾದರೆಂಬುದನ್ನು ಮುಚ್ಚಿಟ್ಟು ಹೊಗಳಲಾರೆ.

ಮೇಷ್ಟ್ರು ಬೆಳೆದದ್ದು ಜಲವಿದ್ಯುತ್ ಕೇಂದ್ರದ ಊರಾದ ಬ್ಲಫ್‌ನಲ್ಲಿ. ತಂದೆ ಪುಟ್ಟಮಾದಯ್ಯನವರು ಪವರ್ ಹೌಸಿನ ನೌಕರರು. ಯಂತ್ರಗಳ ಗುಂಯ್ ಎನ್ನುವ ಸದ್ದಿನಲ್ಲೇ ಹುಟ್ಟಿ ಬೆಳೆದ ಮೇಷ್ಟ್ರು ಮೊದಲ ಆಲ್ಬಮನ್ನು ಮನೆಯ ಹಿತ್ತಲಲ್ಲೇ ಮುದ್ರಿಸಿದರು. ಹಾಡಿದವರು, ಬಾರಿಸಿದವರು ಎಲ್ಲರೂ ಬ್ಲಫ್‌ನವರೇ. ಹಾಡುಗಳ ತುಂಬ ಆ ಸದ್ದು ಸೇರಿಕೊಂಡಿದ್ದದ್ದು ಒಬ್ಬರಿಗಾದರೂ ಕೇಳಿಸಬೇಡವೇ! ಬೆಂಗಳೂರಿನ ಕಂಪನಿಯೊಂದು ನಕ್ಕು ವಾಪಸು ಕಳಿಸಿತು. ಅಂದಿನಿಂದ ಅವರದೊಂದು ಕಟ್ಟಳೆ: ಹಾಡು ಹೊರಹೋಗುವ ಮುನ್ನ, ಅದರಲ್ಲಿ ದುಡಿಯದ ಒಬ್ಬರು ಕೂತು ಕೇಳಬೇಕು, ಅವರು ಬೇಡವೆಂದರೆ ಬೇಡ. ಅದಕ್ಕೆ ‘ಹೊರಗಿನ ಕಿವಿ’ ಎಂದು ಹೆಸರು. ಒಮ್ಮೆ ನಾನು ರೇಗಿದಾಗ ಅಂದಿದ್ದರು: “ನಿನ್ ಕಿವಿ ನಿನ್ ಕಡೀಕೇ ವಾಲ್ತದೆ ಕಣವ್ವ ವೀಣ.”

ಕೊಕ್ಕರೆ ಬೆಳ್ಳೂರಿನ ಗಾಯಕ ಪುನೀತನಿಗೆ ಕಾಮಾಲೆಯಾದಾಗ ಸ್ಟುಡಿಯೊದಲ್ಲೇ ಮಲಗಿಸಿಕೊಂಡು, ತಾವೇ ಗಂಜಿ ಕಾಯಿಸಿ ಕುಡಿಸಿದವರು ಮೇಷ್ಟ್ರು. ಹಾಗೆ ಉಳಿಸಿಕೊಂಡ ಹುಡುಗ ಹೋದ ವರ್ಷ ಮದ್ದೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಹಾಡಿ ಮುಗಿಸಿದ್ದ ದನಿ ಮಾತ್ರ ನಮ್ಮಲ್ಲಿತ್ತು. ಅದಕ್ಕೆ ವಾದ್ಯ ಕೂಡಿಸಿ ಆಲ್ಬಂ ಮುಗಿಸಿ ಅವನ ತಾಯಿಯ ಕೈಗಿಡಬೇಕೆಂದು ಮೇಷ್ಟ್ರು ಹಟ ಹಿಡಿದು ಕೂತರು.

ಅಷ್ಟರಲ್ಲಿ ಅಬ್ಬರದ ಸದ್ದಿನಲ್ಲಿ ಸವೆದ ಅವರ ಕಿವಿಗೆ ಸಣ್ಣ, ಚೂಪು ಸ್ವರಗಳು ತಾಕುತ್ತಲೇ ಇರಲಿಲ್ಲ. ಹಾಗಾಗಿ ಅವನ್ನೇ ಏರಿಸುತ್ತ ಹೋದರು. “ದನಿ ಕಿರುಚ್ತಾ ಇದೆ ಮೇಷ್ಟ್ರೆ” ಎಂದು ನೇರವಾಗಿಯೇ ಹೇಳಿದೆ. “ಸುಮ್ಕಿರವ್ವ, ಇನ್ನೂ ಮಂಕಾಗೇ ಅದೆ” ಎಂದು ಗದರಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹೊರಗಿನ ಕಿವಿಯಾಗಿ ಬಂದವರು ಪುನೀತನ ತಾಯಿ ಪಟ್ಟಲಮ್ಮ. ಹಾಡು ಅರ್ಧವೂ ಆಗಿರಲಿಲ್ಲ, ಸೆರಗಿನಿಂದ ಕಿವಿ ಮುಚ್ಚಿಕೊಂಡರು.

“ನಿಲ್ಸಪ್ಪ. ನನ್ ಮಗ ಯಾವತ್ತೂ ಇಂಗ್ ಕಿರುಚ್ದೋನಲ್ಲ. ಇದ್ಯಾರ್ದೋ ಗಂಟ್ಲು ಕಣಪ್ಪ.”

ಮೇಷ್ಟ್ರು ಹಾಡು ನಿಲ್ಲಿಸಿದರು. ಆಮೇಲೆ ಕುರ್ಚಿ ಬಿಟ್ಟೆದ್ದು ನನ್ನತ್ತ ತಿರುಗಿದರು. “ಬಾರವ್ವ, ನೀನ್ ಕೂತ್ಕೊ. ನಂಗ್ ಕೇಳಿಸ್ತಾ ಇಲ್ಲ.” ಅವರ ನಿವೃತ್ತಿ ಆದದ್ದು ಹೀಗೆ, ಹಾರವಿಲ್ಲದೆ, ಭಾಷಣವಿಲ್ಲದೆ.

ಕೆಲಸವನ್ನು ಮೊದಲಿನಿಂದ ನಾನೇ ಮಾಡಿದೆ. ಪಟ್ಟಲಮ್ಮ ಮತ್ತೆ ಬಂದರು. ಈ ಸಲ ಕಿವಿ ಮುಚ್ಚಲಿಲ್ಲ, ಎದ್ದು ಸ್ಪೀಕರಿನ ಹತ್ತಿರ ಹೋಗಿ ಅಂದರು: “ಪುನೀತ, ಉಂಡ್ಯೇನ್ಲಾ ಮಗ?”

ಮೇಷ್ಟ್ರು ಆ ತಾಯಿಯ ಮುಖವನ್ನೇ ನೋಡುತ್ತಿದ್ದರು. “ಬಂದ್ನಾ?” ಎಂದು ನನ್ನನ್ನು ಕೇಳಿದರು. “ಬಂದ ಮೇಷ್ಟ್ರೆ” ಎಂದೆ. ಕೇಳಿಸಲಿಲ್ಲ. ಕೂಗಿ ಹೇಳಿದೆ.

ಹೋದ ಕಿವಿ ಮರಳಲೆಂದು ಹಾರೈಸಿದರೆ ಅದು ಸುಳ್ಳಾದೀತು. ಗುರುಗಳು ನೂರ್ಕಾಲ ಬಾಳಲಿ. ಹೊರಗಿನ ಕಿವಿಯಾಗಿ ಬಂದವರು ಕೂರುವ ಜಾಗದ ಎದುರಿಗೇ ಅವರ ಕುರ್ಚಿ ಹಾಕಿಟ್ಟಿದ್ದೇನೆ. ದಿನವೂ ಬಂದು, ಕೇಳುವವರ ಮುಖ ನೋಡಿ, ಹಾಡು ಬಂತೋ ಇಲ್ಲವೋ ಅವರೇ ಹೇಳಬೇಕು.