ಕಂಪನಿ ಬಸ್ಸಿನಲ್ಲಿ ಕಂಡ ಮದುವೆ

ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು ಎಂಬುದು ನಾನು ಸುದ್ದಿಮನೆಯಲ್ಲಿ ಕಲಿತ ಪಾಠ. ಕನಸುಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆಗ ನಾನು ಮಡಗಾಂವಿನಲ್ಲಿ ಬಾಡಿಗೆಗಿದ್ದು ಕನ್ನಡ ಪತ್ರಿಕೆಯೊಂದಕ್ಕೆ ಗೋವಾದ ಸುದ್ದಿ ಕಳಿಸುತ್ತಿದ್ದೆ. ಎದುರು ಬಾಗಿಲಿನ ಮನೆಯಲ್ಲಿ ಧಾರವಾಡ ಕಡೆಯ ತಾಯಿ, ಮಗ. ಮಗ ವೆರ್ಣಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಲವತ್ತರ ಹತ್ತಿರ ಬಂದಿದ್ದರೂ ಮದುವೆಯಾಗಿರಲಿಲ್ಲ. ಗೋವಾದಲ್ಲಿರುವವನು ಎಂದರೆ ಕುಡಿಯುತ್ತಾನೆ ಎಂದು ಧಾರವಾಡದ ಹೆಣ್ಣು ಹೆತ್ತವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಪಾಪ, ಆತ ಕೋಕಂ ಶರಬತ್ತನ್ನು ಕೂಡ ಗಾಜಿನ ಲೋಟದಲ್ಲಿ ಕುಡಿಯುತ್ತಿರಲಿಲ್ಲ. ಅದರ ಕೆಂಪು ಬಣ್ಣ ನೋಡಿ ಯಾರಾದರೂ ಊರಿಗೆ ಸುದ್ದಿ ಮುಟ್ಟಿಸಿಯಾರೆಂಬ ಭಯದಿಂದ ಸ್ಟೀಲ್ ಲೋಟವೇ ಬೇಕಿತ್ತು.

ಕೊನೆಗೆ ಒಂದು ಸಂಬಂಧ ಕೂಡಿಬರುವ ಹಾಗೆ ಕಂಡಿತು. ಹುಡುಗಿಯ ಸೋದರಮಾವ ಏನೋ ನೆಪದಲ್ಲಿ ಮಡಗಾಂವಿಗೆ ಬಂದು, ಇವರ ಮನೆಯಲ್ಲಿ ಉಂಡು, ತಣ್ಣೀರು ಬೇಕೆಂದು ತಾನೇ ಎದ್ದು ಹೋಗಿ ಫ್ರಿಜ್ ತೆರೆದು ಚೆನ್ನಾಗಿ ನೋಡಿಕೊಂಡು ಹೋದ. ಭಾನುವಾರ ಹುಡುಗಿ ನೋಡಲು ಬನ್ನಿ ಎಂದು ಕರೆ ಬಂತು. ಆ ಭಾನುವಾರಕ್ಕೆ ಮೂರು ದಿನ ಮುಂಚೆ, ಬೆಳಗಿನ ಜಾವ ನನಗೆ ಕನಸು ಬಿತ್ತು.

ಕಾರ್ಖಾನೆಯ ಬಸ್ಸಿನೊಳಗೆ ಮದುವೆ ನಡೆಯುತ್ತಿತ್ತು. ಸೀಟುಗಳ ಕಂಬಿಗೆ ಬಾಳೆಕಂದು ಕಟ್ಟಿದ್ದರು. ಪುರೋಹಿತರು ಇಂಜಿನ್ನಿನ ಮುಚ್ಚಳದ ಮೇಲೆ ಕೂತು, ಬಿಸಿಗೆ ಆಗಾಗ ಎದ್ದು ಮತ್ತೆ ಕೂತು ಮಂತ್ರ ಹೇಳುತ್ತಿದ್ದರು. ವರ ನಮ್ಮ ಎದುರುಮನೆಯವನೇ. ನೀಲಿ ಯೂನಿಫಾರ್ಮು, ತಲೆಗೆ ಕಾರ್ಖಾನೆಯ ಹೆಲ್ಮೆಟ್ಟು, ಅದರ ಮೇಲೆ ಬಾಸಿಂಗ. ಅವನ ತಾಯಿ ಹೆಗಲಿಗೆ ಕಂಡಕ್ಟರನ ಚೀಲ ಹಾಕಿಕೊಂಡು ಸೀಟು ಸೀಟಿಗೂ ಅಕ್ಷತೆ ಹಂಚುತ್ತಿದ್ದರು. ಬಸ್ಸು ಓಡಿಸುತ್ತಿದ್ದುದು ಒಂದು ದೊಡ್ಡ ಮೀನು, ಖಾಕಿ ಅಂಗಿ ತೊಟ್ಟಿತ್ತು. ಮೀನು ಬಸ್ಸು ಓಡಿಸುವುದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ತಿರುವಿನಲ್ಲಿ ಅದು ಹಾರ್ನ್ ಮಾಡಲಿಲ್ಲವಲ್ಲ ಎಂದು ಮಾತ್ರ ಸಿಟ್ಟು ಬಂತು.

ಶುಭ ಸುದ್ದಿ ಎಂದುಕೊಂಡು, ಬೆಳಿಗ್ಗೆ ಚಹಾದ ಹೊತ್ತಿಗೆ ಎದುರುಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದೆ. ನಾನು ಮುಗಿಸುವ ಮೊದಲೇ ಆ ತಾಯಿ ಅವಲಕ್ಕಿ ಕಲಸುವ ಕೈಯನ್ನು ಅಲ್ಲಿಯೇ ನಿಲ್ಲಿಸಿದರು. ಅವರ ಕಡೆ ಕನಸಿನ ಲೆಕ್ಕ ತಿರುವುಮುರುವು ಎಂದು ನನಗೆ ಗೊತ್ತಾದದ್ದು ಆಗಲೇ. ಸತ್ತಂತೆ ಕಂಡರೆ ಆಯುಷ್ಯ ಹೆಚ್ಚುತ್ತದೆ. ಮದುವೆಯಾದಂತೆ ಕಂಡರೆ ಜೀವಕ್ಕೆ ಅಪಾಯ. ಭಾನುವಾರದ ಪ್ರಯಾಣ ಬೇಡ ಎಂದು ಅವರು ಅಲ್ಲೇ ಹೇಳಿಬಿಟ್ಟರು.

ಮೊದಲ ಪಾಳಿ ಮುಗಿಸಿ ಬಂದ ಮಗ ಯೂನಿಫಾರ್ಮು ಬದಲಿಸದೆಯೇ ನನ್ನ ಬಾಗಿಲಿಗೆ ಬಂದ.

"ಸರ, ಪೇಪರಿನ್ಯಾಗ ತಪ್ಪಾದ್ರ ಮರುದಿನ ತಿದ್ದುಪಡಿ ಹಾಕ್ತೀರಲ್ರಿ. ಇದಕ್ಕೂ ಒಂದು ಹಾಕ್ರಿ."

ತಪ್ಪಾಗಿದ್ದರೆ ಹಾಕಬಹುದಿತ್ತು, ನಾನು ಕಂಡದ್ದನ್ನೇ ಹೇಳಿದ್ದೇನೆ ಎಂದೆ.

"ಹಂಗಾರ ಈಗ ಉಂಡು ಮಲಗ್ರಿ. ನಾ ಸತ್ತಂಗ ಒಂದು ಚಲೋ ಕನಸು ಕಾಣ್ರಿ. ಅವ್ವಗ ಭಾಳ ಸಮಾಧಾನ ಆಕ್ಕತಿ."

ನೆರೆಹೊರೆಯ ಮಾತು, ಮಲಗಿದೆ. ಹಿಂದಿನ ವಾರ ವರದಿ ಮಾಡಿದ್ದ ಪಂಚಾಯಿತಿ ಸಭೆಯೇ ಕನಸಿನಲ್ಲಿ ಮತ್ತೆ ನಡೆಯಿತು. ಅದರಲ್ಲಿ ಎಲ್ಲರೂ ಜೀವಂತವಾಗಿದ್ದರು.

ಸಂಜೆ ತಾಯಿಯೇ ಬಂದರು. ಅಷ್ಟು ಚೊಕ್ಕ ವಿಚಾರಣೆಯನ್ನು ನಾನು ಕೋರ್ಟಿನಲ್ಲಿಯೂ ಕಂಡಿಲ್ಲ. ವಾಲಗ ಇತ್ತೇ, ಹುಡುಗಿಯ ಮುಖ ಕಂಡಿತೇ, ಯಾರಾದರೂ ಅತ್ತರೇ ಎಂದೆಲ್ಲ ಕೇಳಿ, ಕೊನೆಗೆ ಮುಖ್ಯ ಪ್ರಶ್ನೆಗೆ ಬಂದರು.

"ತಾಳಿ ಕಟ್ಟಿದ್ನೋ ಇಲ್ಲೋ? ಖರೇ ಹೇಳ್ರಿ ತಮ್ಮಾ."

ಕಟ್ಟಿರಲಿಲ್ಲ. ಬಸ್ಸು ಗೇಟಿಗೆ ಬಂದೊಡನೆ ಸೈರನ್ ಆಗಿ, ವರ ತಾಳಿಯನ್ನು ಪುರೋಹಿತರ ಕೈಗೇ ಕೊಟ್ಟು ಹಾಜರಿ ಹಾಕಲು ಓಡಿದ್ದ. ಇದನ್ನೂ ಹೇಳಿದೆ. ಜೀವದ ಚಿಂತೆ ಸ್ವಲ್ಪ ಇಳಿಯಿತು. ಅದರ ಜಾಗಕ್ಕೆ, ಕೂಡಿಬಂದ ಸಂಬಂಧ ಅರ್ಧಕ್ಕೆ ನಿಲ್ಲುತ್ತದೆಂಬ ಚಿಂತೆ ಬಂತು. ಇದಲ್ಲದೆ ಮೀನಿನ ಪ್ರಶ್ನೆ ಬೇರೆ ಇತ್ತು. ಅವರ ಮನೆತನದಲ್ಲಿ ಯಾರೂ ಮೀನು ಮುಟ್ಟಿದವರಲ್ಲ. ಅದು ಮದುವೆಗೆ ಹೇಗೆ ಬಂತು ಎಂದು ಕೇಳಿದರು. ಕರೆದವರು ಯಾರೋ ನನಗೆ ತಿಳಿಯದು ಎಂದೆ.

ಮರುದಿನ ವಿಷಯ ಮನೆಯೊಡತಿಯ ಮುಂದೆ ಹೋಯಿತು. ಆಕೆ ಕೆಳಗಿನ ಮನೆಯಲ್ಲಿದ್ದ ಗೋವಾದ ಹಿರಿಯ ಹೆಂಗಸು. ಆಕೆಯದು ಕೊಂಕಣಿ, ಇವರದು ಕನ್ನಡ. ಎಷ್ಟೋ ವರ್ಷಗಳಿಂದ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಸುಖವಾಗಿದ್ದರು. ತುಳಸಿಕಟ್ಟೆಯ ಹತ್ತಿರ ಬಹಳ ಹೊತ್ತು ಮಾತು ನಡೆಯಿತು. ತೀರ್ಪು ಹೊತ್ತು ಮೇಲೆ ಬಂದ ತಾಯಿಯ ಮುಖ ಅರಳಿತ್ತು.

"ಕನಸ ಯಾರು ಕಾಣ್ತಾರೋ ಫಲ ಅವರಿಗೇ ಅಂತರಿ. ಅಂದಮ್ಯಾಲ ನಮಗೇನೂ ಇಲ್ಲ. ಎಲ್ಲಾ ನಿಮಗ."

ಅವರು ಶೇಂಗಾ ಹೋಳಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ನೀವೇನ್ ಅಂಜಬ್ಯಾಡ್ರಿ. ಒಂದೀಟು ರಸ್ತಾ ದಾಟುಮುಂದ ನೋಡಿ ದಾಟ್ರಿ, ಅಷ್ಟ."

ಭಾನುವಾರ ತಾಯಿ, ಮಗ ಧಾರವಾಡಕ್ಕೆ ಹೋದರು. ನಾನು ಮನೆಯಲ್ಲೇ ಇದ್ದೆ. ಅಂಥದ್ದನ್ನೆಲ್ಲ ನಂಬುವವನಲ್ಲವಾದರೂ ಅಂದು ಪೇಟೆಗೆ ಹೋಗುವ ಕೆಲಸವೇನೂ ಇರಲಿಲ್ಲ. ಸಂಜೆ ಫೋನ್ ಬಂತು: ಹುಡುಗಿ ಒಪ್ಪಿದ್ದಳು.

ಮದುವೆ ಧಾರವಾಡದ ಕಲ್ಯಾಣ ಮಂಟಪವೊಂದರಲ್ಲಿ. ನಾನು ಬೆಳಗಿನ ಬಸ್ಸಿಗೆ ಹೊರಟು, ದಾರಿಯಲ್ಲಿ ಕಣ್ಣು ಮುಚ್ಚದೆ ಮುಹೂರ್ತಕ್ಕೆ ಮೊದಲೇ ಮುಟ್ಟಿದ್ದೆ. ತಾಯಿ ಎದುರು ಬಂದು ಸ್ವಾಗತಿಸಿದರು. ನಾನು ಗೋಡೆಗೆ ಒರಗಿ ಕೂತದ್ದನ್ನು ನೋಡಿ ಅವರ ಮುಖ ಸಣ್ಣದಾಯಿತು. ಫಲವೆಲ್ಲ ನನ್ನದೇ ಎಂದು ತೀರ್ಮಾನವಾಗಿದ್ದರೂ, ಮದುವೆಯ ದಿನವೇ ಅವರು ಇನ್ನೊಂದು ಕನಸಿಗೆ ಅವಕಾಶ ಕೊಡುವವರಲ್ಲ. ತಮ್ಮ ಸೋದರನನ್ನು ಕರೆದು ನನ್ನ ಪಕ್ಕ ಕೂರಿಸಿದರು. ಆತ ಕರ್ತವ್ಯನಿಷ್ಠ. ನಾನು ಕಣ್ಣು ಮಿಟುಕಿಸಿದಾಗಲೆಲ್ಲ ಮೊಣಕಾಲಿಗೆ ತಟ್ಟಿ, ಗೋವಾದಲ್ಲಿ ಟೊಮೆಟೊ ಕಿಲೋಗೆ ಹೇಗೆ ಎಂದು ಕೇಳುತ್ತಿದ್ದ. ಉತ್ತರ ಕೇಳಿಸಿಕೊಳ್ಳುತ್ತಿರಲಿಲ್ಲ, ನನ್ನ ಕಣ್ಣನ್ನಷ್ಟೇ ನೋಡುತ್ತಿದ್ದ.

ತಾಳಿ ಕಟ್ಟಿದ್ದನ್ನು ನಾನು ಪೂರ್ತಿ ಎಚ್ಚರದಲ್ಲಿ ನೋಡಿದೆ. ಅಕ್ಷತೆ ಬಿದ್ದ ಮೇಲೆ ತಾಯಿ ಕಣ್ಣೊರೆಸಿಕೊಂಡು, ವೇದಿಕೆಯ ಮೇಲಿಂದಲೇ ನನ್ನ ಕಡೆ ತಿರುಗಿ, ಇನ್ನು ಬೇಕಾದರೆ ಮಲಗಬಹುದು ಎಂಬಂತೆ ಕೈ ಮಾಡಿದರು. ಸೋದರ ತಕ್ಷಣ ಎದ್ದು ಊಟಕ್ಕೆ ಹೋದ.