ಕಿವಿಗೆ ಹಿಡಿದ ಮೆಣಸಿನಕಾಯಿ

ಅತ್ತೆ ಒಣಗಿದ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಎಡಗಿವಿಯೋ ಬಲಗಿವಿಯೋ ಹೇಳಲಾರೆ. ಆ ವರ್ಷ ನಡೆದದ್ದರಲ್ಲಿ ಎಷ್ಟು ನಾನೇ ಕಂಡದ್ದು, ಎಷ್ಟು ಮನೆಯವರ ಬಾಯಲ್ಲಿ ಕೇಳಿ ನನ್ನದಾಗಿಸಿಕೊಂಡದ್ದು ಎಂಬುದೂ ಖಚಿತವಿಲ್ಲ. ಅವರ ಹೆಬ್ಬೆರಳ ಉಗುರಿನ ಸಂದಿಯ ಕೆಂಪು ಮಾತ್ರ ನಿಜ. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ.

ಅವರು ನನ್ನ ತಂದೆಯ ಅಕ್ಕ. ಮದ್ದೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದಾಗ ಮಳವಳ್ಳಿ ಕಡೆಯ ತವರಿನಿಂದ ಒಂದು ಹಿಡಿ ಮೆಣಸಿನ ಬೀಜವನ್ನು ಸೆರಗಿನಲ್ಲಿ ಕಟ್ಟಿ ತಂದಿದ್ದರಂತೆ. ಗಿಡ್ಡ ಕಾಯಿ, ದಪ್ಪ ತೊಟ್ಟು. ಹಿತ್ತಲಲ್ಲಿ ಎರಡೇ ಸಾಲು. ಹಣ್ಣಾದದ್ದನ್ನು ಸಗಣಿ ಸಾರಿಸಿದ ಅಂಗಳದಲ್ಲಿ ಹರಡಿ, ಇಬ್ಬನಿ ಬೀಳುವ ಮುಂಚೆ ಗೋಣಿ ಹೊದಿಸುವರು. ಬೀಜಕ್ಕೆ ಆರಿಸಿದ್ದನ್ನು ತೊಟ್ಟಿನ ಸಮೇತ ಪೋಣಿಸಿ ಒಲೆಯ ಮೇಲಿನ ತೊಲೆಗೆ ಕಟ್ಟುವರು. ತವರಿನವರು ಆ ತಳಿಯನ್ನು ಎಂದೋ ಕಳೆದುಕೊಂಡಿದ್ದರು. ಉಳಿದದ್ದು ಈ ತೊಲೆಯಲ್ಲಿ ಮಾತ್ರ.

ಎರಡನೇ ಮಹಾಯುದ್ಧದ ವರ್ಷಗಳಲ್ಲೊಂದು ಸಂಕ್ರಾಂತಿಗೆ ಮೈಸೂರಿನ ಕಾಲೇಜಿನಿಂದ ಅಲ್ಲಿಗೆ ಹೋಗಿದ್ದೆ. ಸಸ್ಯಶಾಸ್ತ್ರ ಓದುತ್ತಿದ್ದ ಹಮ್ಮು. ಆ ಸಲ ಅಕಾಲದ ಮೋಡ ಕವಿದು ಕಾಯಿಗೆ ಮೂರೇ ದಿನ ಬಿಸಿಲು ಸಿಕ್ಕಿತ್ತು. ಹೊಗೆಯಲ್ಲಿ ಬೀಜ ಸಾಯುತ್ತದೆ, ಗಾಳಿಯಾಡದಂತೆ ಗಾಜಿನ ಬಾಟಲಿಯಲ್ಲಿಡಬೇಕು ಎಂದು ಉಪನ್ಯಾಸ ಕೊಟ್ಟೆ. ಅತ್ತೆ ಒಂದು ಕಾಯಿಯನ್ನು ಕಿವಿಗೆ ಹಿಡಿದರು.

"ಇನ್ನೂ ಮಾತಾಡ್ತಿಲ್ಲ ಕಣ್ಲಾ. ಒಳ್ಗೆ ಬೀಜ ಗಲಗಲ ಅನ್ಬೇಕು. ನಾಕ್ ದಿನ ತಡಿ."

ನನಗೆ ಮರುದಿನ ಬೆಳಗಿನ ರೈಲು. ಇಷ್ಟು ಒಣಗಿದ್ದು ಧಾರಾಳ ಎಂದೆ. ಮಾವ ಗದ್ದೆಗೆ ಹೋಗಿದ್ದರು. ಅವರಿದ್ದರೂ ಅಷ್ಟೆ, ಆ ಮನೆಯಲ್ಲಿ ಅಕ್ಷರ ಬರುತ್ತಿದ್ದವನು ನಾನೊಬ್ಬನೇ. ಅತ್ತೆ ತೊಲೆಯನ್ನೊಮ್ಮೆ ನೋಡಿದರು. "ಓದ್ದೋನು ಏಳ್ತಾವ್ನೆ, ನಂಗೇನ್ ಗೊತ್ತು," ಎಂದು ಸರವನ್ನು ಮಡಿಲಿಗೆ ಹಾಕಿಕೊಂಡು ಬಿಚ್ಚತೊಡಗಿದರು.

ಕಾಯಿಗಳು ಬಾಟಲಿ ಸೇರಿದವು. ಅದರ ಬಾಯಿ ಮುಚ್ಚಿದವರು ಯಾರು? ಇಲ್ಲೇ ನನ್ನ ನೆನಪು ಕೈಕೊಡುತ್ತದೆ.

ಮುಂಗಾರಿಗೆ ಅದನ್ನು ತೆರೆದಾಗ ಬೇಸಿಗೆ ರಜೆಯಲ್ಲಿ ಅಲ್ಲೇ ಇದ್ದೆ. ಒಳಗೆಲ್ಲ ಬೂದಿಬಣ್ಣದ ಬೂಷ್ಟು, ಹುಳಿ ನಾತ. ಅಡುಗೆಯ ಕಾಯಿ ಆಗಲೇ ಹುರಿದು ಪುಡಿಯಾಗಿತ್ತು, ಬೇರೆ ಬೀಜವಿರಲಿಲ್ಲ. ಅತ್ತೆ ಕಾಯಿ ಸೀಳಿ ಬೂಷ್ಟು ಹಿಡಿದ ಬೀಜಗಳನ್ನೇ ಒಂದೊಂದಾಗಿ ಒರೆಸಿ ಪಾತಿಯಲ್ಲಿ ಹಾಕಿದರು. ದಿನಾ ಬೆಳಿಗ್ಗೆ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂರುವರು. ನಾನು ಅವರ ಹಿಂದೆ ನಿಲ್ಲುತ್ತಿದ್ದೆ. ಮಾಡುವುದಕ್ಕೆ ಇಬ್ಬರಿಗೂ ಏನೂ ಇರಲಿಲ್ಲ. ಒಂದೂ ಮೊಳೆಯಲಿಲ್ಲ.

ಮಾವ ಬಾಟಲಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. "ಯಾವನ್ಲಾ ಇದ್ಕೆ ಬಿರಡೆ ಜಡ್ದೋನು? ಕಾಲೇಜ್ನಲ್ಲಿ ಇದ್ನೇ ಏನ್ಲಾ ಕಲ್ಸೋದು?"

"ಮುಚ್ಚಿದ್ದು ನಾನು ಕಣ್ ಬುಡಿ," ಎಂದರು ಅತ್ತೆ, ಪಾತಿಯಿಂದ ಕಣ್ಣೆತ್ತದೆ. "ಬಿಸ್ಲು ಸಾಲ್ದೆ ಓಯ್ತು. ಮಗೀಗ್ಯಾಕ್ ಅಂತೀರಿ."



ಆಮೇಲೆ ಸಂತೆಯ ಬೀಜ ಹಾಕಿದರು. ಕಾಯಿಯನ್ನು ಅವರು ಕಿವಿಗೆ ಹಿಡಿದದ್ದನ್ನು ಮತ್ತೆ ನೋಡಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ತೀರಿಕೊಂಡರು. ಬಾಟಲಿ ಮುಚ್ಚಿದ್ದು ಅತ್ತೆಯೇ, ಅವರೇ ಒಪ್ಪಿಕೊಂಡಿದ್ದರಲ್ಲ ಎಂದು ಎಷ್ಟೋ ಕಾಲ ನಂಬಿದೆ. ಕೇಳಿದವರಿಗೂ ಹಾಗೇ ಹೇಳಿದೆ.

ಮಾವನೂ ಹೋದ ಮೇಲೆ ಅಟ್ಟದಲ್ಲಿ ಆ ಬಾಟಲಿಯನ್ನು ಹುಡುಕಿದೆ. ಸಿಕ್ಕಿತು. ಕತ್ತಿನ ಸುತ್ತ ಕೆಂಪು ಅರಗು ಇನ್ನೂ ಅಂಟಿಕೊಂಡಿತ್ತು. ಅದರ ಕೆಳಗೊಂದು ಚೀಟಿ: "ಬೀಜದ ಕಾಯಿ. ಬಿತ್ತುವವರೆಗೆ ತೆರೆಯಬಾರದು." ಅಕ್ಷರ ನನ್ನದು.