ಬಾಣಂತಿಯರ ಬಾವಿ

ನಾನು ಚಿಕ್ಕವಳಿದ್ದಾಗ ನಿಪ್ಪಾಣಿಯ ನಮ್ಮ ಓಣಿಯ ನಡುವೆ ಒಂದು ಮೆಟ್ಟಿಲು ಬಾವಿ ಇತ್ತು. ಅದನ್ನು ಯಾವ ಪುಣ್ಯಾತ್ಮರು ಕಟ್ಟಿಸಿದರೋ, ಓಣಿಯ ಮುತ್ತಜ್ಜಂದಿರಿಗೂ ಗೊತ್ತಿರಲಿಲ್ಲ. ಸವೆದು ನುಣುಪಾದ ಕರಿಕಲ್ಲಿನ ಮೆಟ್ಟಿಲು, ಗೋಡೆಯಲ್ಲಿ ದೀಪ ಇಡುವ ಗೂಡುಗಳು, ಸಂದಿಯಲ್ಲಿ ಗುಟುರು ಹಾಕುವ ಪಾರಿವಾಳಗಳು. ಊರೆಲ್ಲ ತಂಬಾಕಿನ ಘಾಟಿಗೆ ಸೀನುತ್ತಿದ್ದ ಬೇಸಿಗೆಯಲ್ಲೂ ಆ ಮೆಟ್ಟಿಲ ಮೇಲೆ ಕುಳಿತರೆ ತಣ್ಣನೆಯ ಪಾಚಿಯ ವಾಸನೆ ಬರುತ್ತಿತ್ತು. ನಾನು ಲಂಗದ ತುಂಬ ಪುಟಾಣಿ ಕಡಲೆ ಕಟ್ಟಿಕೊಂಡು ಅಲ್ಲೇ ಕುಳಿತು ತಿನ್ನುತ್ತಿದ್ದೆ.

ಅಷ್ಟರಲ್ಲಿ ಓಣಿಗೆ ನಳದ ನೀರು ಬಂತು. ಇನ್ನು ಬಾವಿ ಯಾಕೆ, ಮುಚ್ಚಿ ಅಂಗಡಿ ಸಾಲು ಕಟ್ಟೋಣ ಎಂದು ಊರಿನ ದೊಡ್ಡವರು ತೀರ್ಮಾನಿಸಿದರು. ಓಣಿ ಎರಡಾಯಿತು. ನಮ್ಮ ಮನೆಯೂ ಎರಡಾಯಿತು ನೋಡಿ! ಅಪ್ಪ ದರ್ಜಿ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದ. ಮಳೆ ಬಂದರೆ ಮಷಿನ್, ಬಟ್ಟೆ ಎಲ್ಲ ಎತ್ತಿಕೊಂಡು ಒಳಗೆ ಓಡಬೇಕು. ಅವನಿಗೆ ಆ ಸಾಲಿನಲ್ಲಿ ಒಂದು ಅಂಗಡಿ ಬೇಕೇ ಬೇಕಿತ್ತು. ಅವ್ವನಿಗೆ ಬಾವಿ ಉಳಿಯಬೇಕಿತ್ತು. ಇಬ್ಬರೂ ಮಾತು ಬಿಟ್ಟರು.

ಅದೇ ಹೊತ್ತಿಗೆ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಹೆಣ್ಣುಮಗು ಹೆತ್ತಿದ್ದಳು. ನಮ್ಮಲ್ಲಿ ಬಾಣಂತಿ ಬಾವಿಗೆ ಹೋಗಿ ಗಂಗೆಯ ಪೂಜೆ ಮಾಡಿ ನೀರು ತರಬೇಕು. ಅಲ್ಲಿಯವರೆಗೆ ಮನೆಯ ನೀರಿನ ಕೊಡ ಮುಟ್ಟುವಂತಿಲ್ಲ. ಆ ಪೂಜೆಯ ದಿನ ಬರುವ ಮೊದಲೇ ಬಾವಿ ಮುಚ್ಚುವ ಗುತ್ತಿಗೆದಾರ ಮಣ್ಣು ತುಂಬಿದ ಟ್ರ್ಯಾಕ್ಟರು ತಂದ.

ಅದರ ಸದ್ದಿಗೆ ಅಪ್ಪನ ಮಷಿನ್ ನಿಂತಿತು. ಒಳಗೆ ಅಕ್ಕ ಕಿವಿಗೆ ಬಟ್ಟೆ ಕಟ್ಟಿಕೊಂಡು, ಲೋಬಾನದ ಹೊಗೆಯಲ್ಲಿ ಕೂಸಿಗೆ ಹಾಲೂಡುತ್ತ ಕುಳಿತಿದ್ದಳು. ಅಪ್ಪ ಅವಳನ್ನೊಮ್ಮೆ ನೋಡಿದ, ಟ್ರ್ಯಾಕ್ಟರನ್ನೊಮ್ಮೆ ನೋಡಿದ. ಅತ್ತ ದರಿ, ಇತ್ತ ಪುಲಿ! ಕೊರಳಲ್ಲಿ ಟೇಪು ಜೋತಾಡುತ್ತಿದ್ದಂತೆಯೇ ಓಡಿ ಹೋಗಿ ಟ್ರ್ಯಾಕ್ಟರಿಗೆ ಅಡ್ಡ ನಿಂತ.

"ಸಾಹೇಬ್ರ, ಸ್ವಲ್ಪ ದಿನ ತಡೀರಿ. ಮಗಳದು ಗಂಗಿ ಪೂಜಿ ಆಗಬೇಕ್ರಿ. ಆಮ್ಯಾಲ ಮುಚ್ಚರಿ, ಬೇಕಾದ್ರ ಮಣ್ಣಿನ ಬುಟ್ಟಿ ನಾನ ಹೊರತೀನಿ."

ಗುತ್ತಿಗೆದಾರನೂ ಹೆಣ್ಣು ಹೆತ್ತವನೇ. "ಬಾಣಂತಿ ಪೂಜಿಗೆ ನಾ ಹೆಂಗ ಒಲ್ಲೆ ಅನ್ಲಿ? ಆತು," ಎಂದ.

ಅವನು ಹಾಗೆಂದದ್ದೇ ತಡ, ನಾವು ಕಾಕು ಎಂದು ಕರೆಯುತ್ತಿದ್ದ ಎದುರು ಮನೆಯಾಕೆ ತನ್ನ ಬಸುರಿ ಮಗಳ ಕೈ ಹಿಡಿದುಕೊಂಡು ಬಂದಳು. "ಅವರ ಮಗಳಿಗೊಂದು ನ್ಯಾಯ, ನನ್ನ ಮಗಳಿಗೊಂದು ನ್ಯಾಯ ಏನ್ರಿ? ಇಕಿದೂ ಆಗಲಿ." ಅವಳ ಹಿಂದೆ ಇನ್ನೊಬ್ಬಳು ಬಂದಳು. ಬೀಡಿ ಕಟ್ಟುತ್ತಿದ್ದ ಅಜ್ಜಿ, ಮೊನ್ನೆಯಷ್ಟೇ ಮದುವೆಯಾದ ಮೊಮ್ಮಗಳ ಹೆಸರು ಹೇಳಿ, "ಆಕೀದೂ ಇವತ್ತಲ್ಲ ನಾಳೆ ಬರತೈತ್ರಿ," ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

"ಹಿಂಗಾದ್ರ ನಾ ಬಾವಿ ಮುಚ್ಚೂದು ಯಾವಾಗ?" ಎಂದು ಗುತ್ತಿಗೆದಾರ ತಲೆ ಕೆರೆದುಕೊಂಡ.

ಅವ್ವ ಬಾಗಿಲಲ್ಲೇ ನಿಂತು ಕೂಗಿದಳು: "ಓಣಿ ಹೆಣ್ಣಮಕ್ಕಳು ಹಡಿಯೂದ ಬಿಟ್ಟ ಮ್ಯಾಲ ಮುಚ್ಚರಿ!"

ಟ್ರ್ಯಾಕ್ಟರು ಬಂದ ದಾರಿಯಲ್ಲೇ ಹಿಂದಿರುಗಿತು. ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು ಮತ್ತೆ ಅದೇ ಕಟ್ಟೆಯ ಮೇಲೆ ಕುಳಿತ. ಅಂಗಡಿಯ ಆಸೆ ಅಲ್ಲಿಗೆ ಮುಗಿಯಿತು. ಅವ್ವ ತಾನಾಗಿಯೇ ಚಹಾ ತಂದು ಅವನ ಮುಂದಿಟ್ಟು, "ಕುಡೀರಿ, ಆರತೈತಿ," ಎಂದಳು.

ಬಾವಿ ಬಹಳ ವರ್ಷ ಉಳಿಯಿತು. ನಾನೂ ಚೊಚ್ಚಲ ಹೆರಿಗೆಗೆ ಅಲ್ಲಿಗೇ ಬಂದೆ. ನಿಮ್ಮವ್ವ ಹುಟ್ಟಿದ್ದು ಆಗಲೇ, ಮಕ್ಕಳೇ.

ನೀವು ಹುಟ್ಟಿದ್ದು ಬೆಳಗಾವಿಯ ಆಸ್ಪತ್ರೆಯಲ್ಲಿ. ನಿಮ್ಮವ್ವ ಫ್ಲಾಟಿನ ಅಡುಗೆಮನೆಯ ನಳಕ್ಕೇ ಅರಿಸಿನ ಕುಂಕುಮ ಹಚ್ಚಿ ಪೂಜೆ ಮುಗಿಸಿದಳು. ತಪ್ಪೇನಿಲ್ಲ ಬಿಡಿ, ಎಲ್ಲಿ ಬಂದರೂ ಗಂಗೆ ಗಂಗೆಯೇ. ಓಣಿಯ ಹೆಣ್ಣುಮಕ್ಕಳೆಲ್ಲ ಈಗ ಹಾಗೆಯೇ ಮಾಡುತ್ತಾರೆ. ಹಾಗಾಗಿ ಬಾವಿ ಮುಚ್ಚಲು ಮತ್ತೊಮ್ಮೆ ಜನ ಬಂದಾಗ, ಬಾವಿಗೇ ಹೋಗಬೇಕೆನ್ನುವ ಬಾಣಂತಿ ಒಬ್ಬಳೂ ಇರಲಿಲ್ಲ.

ರಜೆಯಲ್ಲಿ ನಿಪ್ಪಾಣಿಗೆ ಹೋದಾಗ ನೀವು ಐಸ್‌ಕ್ರೀಮಿಗೆ ಹಟ ಹಿಡಿಯುವ ಅಂಗಡಿ ಇದೆಯಲ್ಲ, ನಿಮ್ಮವ್ವನನ್ನು ಮಡಿಲಲ್ಲಿಟ್ಟುಕೊಂಡು ನಾನು ಗಂಗೆಯ ಪೂಜೆ ಮಾಡಿದ ಮೆಟ್ಟಿಲು ಅದರ ನೆಲದ ಕೆಳಗಿದೆ.